ಮುರುಗೆಪ್ಪ ಮಾಮಾ ಸ್ಲೋ ಇಳಿಸಿದ್ದು

ಮನುಷ್ಯಾನ ಗುಣ ತಿಳೀಬೇಕಂದ್ರ ಜಾತಕ ಬ್ಯಾಡ, ಪಗಾರ ಚೀಟಿ ಬ್ಯಾಡ, ಅವನ ಗಾಡಿಯ ಸ್ಲೋ ಕೇಳಿದ್ರ ಸಾಕು ಅನ್ನೂದು ನಮ್ಮ ಮುರುಗೆಪ್ಪ ಮಾಮಾನ ಸಿದ್ಧಾಂತ. ಸ್ಲೋ ಅಂದ್ರ ನಿಮಗ ಗೊತ್ತದ. ಗಾಡಿ ನಿಂತಿರ್ತದ, ಎಕ್ಸಿಲೇಟರ್ ಯಾರೂ ಮುಟ್ಟಿರೂದಿಲ್ಲ, ಇಂಜಿನ್ ತನ್ನಷ್ಟಕ್ಕ ತಾನು ಗುನುಗ್ತಿರ್ತದಲ್ಲ, ಆ ವೇಗ. ಅದು ಜಾಸ್ತಿ ಇದ್ದಂವ ದುಂದುಗಾರ, ಭಾಳ ಕಮ್ಮಿ ಇದ್ದಂವ ಜಿಪುಣ, ಒಂದೊಂದ ಬಡಿತ ಎಣಿಸ್ಲಿಕ್ಕೆ ಬರೂಹಂಗ ಇಟ್ಟಂವ ಸಂಸಾರಸ್ಥ. ಹಿಂಗ ಅವರು ಪುಣೇದಾಗ ನಲವತ್ತು ವರ್ಷದಿಂದ ಮಂದಿನ್ನ ತೂಗ್ಕೋತ ಬಂದಾರ. ನನ್ನನ್ನೂ ತೂಗ್ಯಾರ. ನಂದು ಜಾಸ್ತಿ ಅದ ಅಂತ.

ನಾನು ಮಹೇಶಕುಮಾರ, ಅವರ ಹೆಂಡತಿ ಭೀಮವ್ವನ ತಮ್ಮ. ಸ್ವಾರಗೇಟ ಚೌಕದಾಗ ನನ್ನದೊಂದು ಅರಿವಿ ಅಂಗಡಿ ಅದ. ಈಗ ಹೇಳ್ಲಿಕ್ಕೆ ಹತ್ತಿದ ಸಂಗತಿಯೊಳಗ ನಾ ಬರೇ ಟಾರ್ಚ್ ಹಿಡಿದಂವ, ಅದನ್ನ ಮೊದಲ ಹೇಳಿಬಿಡ್ತೀನಿ.

ಮಾಮಾ ದೇಹೂ ರೋಡಿನ ಒಂದು ಮಿಲಿಟರಿ ಡಿಪೋದಾಗ ಕ್ಲಾರ್ಕ್ ಇದ್ದವರು. ಗಾಡಿ ರಿಪೇರಿ ಅವರ ಕೆಲಸ ಅಲ್ಲ. ಎಷ್ಟು ಸ್ಕ್ರೂ ಬಂದ್ವು, ಎಷ್ಟು ಸ್ಕ್ರೂ ಹೋದ್ವು ಅಂತ ಪಟ್ಟಿ ಬರಿಯೂದು ಅವರ ಕೆಲಸ. ಬರದು ಬರದು, ಸ್ಕ್ರೂ ತಿರುಗಿಸೂದೂ ತಮಗ ಬರ್ತದ ಅಂತ ಒಂದಿನ ಅವರಿಗೆ ಖಾತ್ರಿ ಆತು. ನ್ಯಾಯ ಹೇಳಬೇಕಂದ್ರ, ಬರ್ತಿತ್ತು. ಧನಕವಡಿಯ ಅವರ ಹೌಸಿಂಗ್ ಸೊಸೈಟಿಯೊಳಗ ಆಯಿತವಾರ ಮುಂಜಾನೆ ಪಾರ್ಕಿಂಗದಾಗ ಸ್ಕೂಟರ್, ಮೋಟಾರಸೈಕಲ್ ಸಾಲಹಚ್ಚಿ ನಿಲ್ತಿದ್ವು. ಮಾಮಾ ಕಟ್ಟಿಗಿ ಹಿಡಿಯ ತಮ್ಮ ಹಳೇ ಸ್ಕ್ರೂಡ್ರೈವರ್ ತಗೊಂಡು ಬಂದು, ಪೆಟ್ರೋಲ್ ಟಾಕಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಕಾಲು ಸುತ್ತು ತಿರುಗಿಸ್ತಿದ್ರು. ಆಮ್ಯಾಲೆ ಟಾಕಿ ಮ್ಯಾಲೆ ಐದು ರೂಪಾಯಿ ನಾಣ್ಯ ಅಂಚಿನ ಮ್ಯಾಲೆ ನಿಂದ್ರಸೂದು. ಇಂಜಿನ್ ಚಾಲೂ ಇದ್ದೂ ನಾಣ್ಯ ಬೀಳದಿದ್ರ ಕೆಲಸ ಮುಗೀತು. ಚಾ ಒಂದು ಬಿಟ್ರ ಯಾರ ಕಡಿಂದೂ ಏನೂ ಮುಟ್ಟಿದವರಲ್ಲ.

ಆಮ್ಯಾಲೆ ಬಂತು ನೋಡ್ರಿ ಇಂಜೆಕ್ಷನ್ ಗಾಡಿ. ಮಾಮಾ ಸ್ಕ್ರೂ ತಿರುಗಿಸ್ತಿದ್ದ ಕಾರ್ಬೊರೇಟರ್ ಹೋತು. ಪೆಟ್ರೋಲ್ ಎಷ್ಟು, ಗಾಳಿ ಎಷ್ಟು ಅಂತ ಒಳಗಿನ ಸಣ್ಣ ಕಂಪ್ಯೂಟರ್ ತಾನೇ ಲೆಕ್ಕ ಹಾಕ್ತದ, ಸ್ಲೋನೂ ಅದ ನೋಡ್ಕೋತದ. ಐದಾರು ವರ್ಷದಾಗ ಮಾಮಾನ ಮುಂದಿನ ಸಾಲು ಕರಗಿ ಕರಗಿ, ಸೊಸೈಟಿ ಸೆಕ್ರೆಟರಿ ಋಷಿಕೇಶನ ಅಪ್ಪನ ಕಾಲದ ಸ್ಕೂಟರ್ ಒಂದ ಉಳೀತು. ಗಾಡಿ ಬದಲಾಗ್ಯಾವ ಅಂತ ಮಾಮಾಗ ಅನಸ್ಲಿಲ್ಲ. ಮಂದಿ ದುಂದುಗಾರ ಆಗ್ಯಾರ ಅಂತ ಅನಸ್ತು.

ಅವರಿಗೆ ಒಬ್ಬಾಕೀನ ಮಗಳು, ದೀಪಾಲಿ. ಚಾಕಣದಾಗ ಮೋಟಾರಸೈಕಲ್ ಕಂಪನಿಯೊಂದರಾಗ ಇಂಜಿನಿಯರ್ ಅದಾಳ. ಏನ ಕೆಲಸ ಅಂತ ಯಾರರ ಕೇಳಿದ್ರ ಮಾಮಾ, ಕಂಪ್ಯೂಟರ್ ಮುಂದ ಕೂತು ಟೈಪ್ ಮಾಡ್ತಾಳ ಅಂತಿದ್ರು. ಹುಡುಗಿ ಎರಡು ಸಲ ತನ್ನ ಕೆಲಸ ಏನಂತ ಅವರಿಗೆ ತಿಳಿಸಿ ಹೇಳ್ಲಿಕ್ಕೆ ನೋಡಿದ್ಳು. ಎರಡೂ ಸಲ ಮಾಮಾ ಆಕೀಗೆ ಬ್ಯಾರೇ ಏನೋ ತಿಳಿಸಿ ಹೇಳ್ಲಿಕ್ಕೆ ಹತ್ತಿದ್ರು.

ದೀಪಾಲಿಗೆ ಒಂದು ಸಂಬಂಧ ಬಂತು. ಹುಡುಗ ಸಂಜು, ಕುರಕುಂಭದ ಕೆಮಿಕಲ್ ಫ್ಯಾಕ್ಟರಿಯೊಳಗ ಸೂಪರವೈಜರ್. ಮನಿ ಹಡಪಸರದಾಗ. ತಂದಿ ಇಲ್ಲ, ತಾಯಿ ಗೋದಾಬಾಯಿ ಮೂಲ ಬೆಳಗಾವಿ ಕಡೆಯವರು, ಪುಣೇಕ್ಕ ಬಂದು ಮೂವತ್ತು ವರ್ಷ ಆದ್ರೂ ಶಕುನ ನೋಡದ ಹಾಲು ಕಾಸೂದಿಲ್ಲ. ಹುಡುಗ ಹುಡುಗಿ ಎರಡು ಸಲ ಹೊರಗ ಭೆಟ್ಟಿಯಾಗಿ ಕಾಫಿ ಕುಡದಿದ್ರು. ದೀಪಾಲಿ ಬಂದು ತಾಯಿ ಮುಂದ "ನಡೀತದ" ಅಂದಿದ್ಳು. ಆ ಹುಡುಗಿ ಮನಿಯ ಫ್ರಿಜ್ ಆರಸ್ಲಿಕ್ಕೆ ಎಂಟು ತಿಂಗಳು ತಗೊಂಡಾಕಿ. ನಡೀತದ ಅಂದ್ರ ಮನಸ್ಸು ಪೂರಾ ಹೋಗೇದ ಅಂತ ಅರ್ಥ. ನಮ್ಮಕ್ಕ ಅವತ್ತ ದೇವರ ಮುಂದ ಎರಡು ದೀಪ ಹೆಚ್ಚಿಗಿ ಹಚ್ಚಿದ್ಳು.

ಒಂದು ಆಯಿತವಾರ ತಾಯಿ ಮಗ ಇಬ್ರೂ ಮನಿಗೆ ಬಂದ್ರು. ಎರಡು ತಿಂಗಳದ ಹೊಸಾ ಕೆಂಪು ಮೋಟಾರಸೈಕಲ್ ಮ್ಯಾಲೆ. ಮಾಮಾ ಮೊದಲ ಮಹಡಿ ಗ್ಯಾಲರಿಯೊಳಗ ನಿಂತು ಕಾಯ್ತಿದ್ರು. ಹುಡುಗ ಗಾಡಿ ನಿಂದ್ರಿಸಿ, ತಾಯಿ ಇಳಿಯೂ ತನಕ ಇಂಜಿನ್ ಚಾಲೂನ ಇಟ್ಟಿದ್ದ. ಮಾಮಾನ ಮಾರಿ ಸಣ್ಣದಾತು. ಸೀದಾ ಅಡಿಗಿಮನಿಗೆ ಹೋಗಿ ಅವಲಕ್ಕಿ ಹಚ್ಚಲಿಕ್ಕೆ ಹತ್ತಿದ್ದ ನಮ್ಮಕ್ಕನ ಕಿವ್ಯಾಗ, ಹುಡುಗ ಛೊಲೋ ಕಾಣ್ತಾನ, ಆದ್ರ ಸ್ಲೋ ಭಾಳ ಜಾಸ್ತಿ ಅದ ಅಂದ್ರು. ನಮ್ಮಕ್ಕ ಅವಲಕ್ಕಿ ಬಿಟ್ಟು ತಿರುಗಿ ನೋಡಿ, ಇವತ್ತೊಂದಿನ ಎರಡೂ ಕೈ ಕಿಸೆದಾಗ ಇಟ್ಕೋರಿ ಅಂತ ಕೇಳ್ಕೊಂಡ್ಳು.

ಮಾತು ಛಂದ ನಡದಿತ್ತು. ಗೋದಾಬಾಯಿಗೆ ಅವಲಕ್ಕಿ ಸೇರಿತು, ಶಿರಾ ಸೇರಿತು, ದೀಪಾಲಿಯಂತೂ ಭಾಳ ಸೇರಿದ್ಳು. ಆದ್ರ ಸಂಜೂನ ಗಾಡಿ ಕೀಲಿ ಟೀಪಾಯಿ ಮ್ಯಾಲೆ ಬಿದ್ದಿತ್ತು. ಮಾಮಾನ ಕಣ್ಣು ಆ ಕೀಲಿ ಬಿಟ್ಟು ಕದಲವಲ್ದು. ಸ್ವಲ್ಪ ಹೊತ್ತಿಗೆ ಪೇಪರ್ ತಗೊಂಡು ಕೀಲಿ ಮ್ಯಾಲೆ ಹರವಿದ್ರು, ಎರಡು ನಿಮಿಷ ಓದಿದಂಗ ಮಾಡಿದ್ರು, ಪೇಪರ್ ಎತ್ತಿದಾಗ ಕೀಲಿ ಇರ್ಲಿಲ್ಲ. ಎಲಿ ಅಡಕಿ ಮುಗದದ, ನಾವಿಬ್ರೂ ಹೋಗಿ ತರ್ತೀವಿ ಅಂತ ನನಗ ಕಣ್ಣು ಹೊಡದು ಎದ್ರು. ನಾ ಎದ್ದೆ. ಹಿರಿಯರು ಕರದಾಗ ಏಳದಿದ್ರ ಹೆಂಗ?

ಕೆಳಗ ಹೋಗಿ ಮಾಮಾ ಗಾಡಿ ಚಾಲೂ ಮಾಡಿ, ಅದರ ಸುತ್ತ ಎರಡು ಪ್ರದಕ್ಷಿಣಿ ಹಾಕಿ, ಟಾಕಿ ಕೆಳಗ ಸಂದ್ಯಾಗ ಒಂದು ಸ್ಕ್ರೂ ಹುಡಿಕಿದ್ರು. ನಾ ಮೊಬೈಲ್ ಟಾರ್ಚ್ ಹಿಡಿದೆ. ಸ್ಕ್ರೂ ಮ್ಯಾಲೆ ಹಳದಿ ಬಣ್ಣ ದಪ್ಪಗ ಬಡದಿದ್ರು. ಕಂಪನಿಯವರು ಸೀಲ್ ಮಾಡ್ಯಾರ ಮಾಮಾ, ಮುಟ್ಟಬಾರದು ಅಂತ ಇದ್ದೀತು ಅಂದೆ. ಕಂಪನಿಯೊಳಗ ಕೂತು ಸ್ಲೋ ಇಡೂವ್ರಿಗೆ ಕಿವಿ ಎಲ್ಲದ, ಯಾರೋ ಅಡ್ಡಾದಿಡ್ಡಿ ಮನುಷ್ಯಾ ಇಟ್ಟಾನ ಅಂದವರ, ಮಾಮಾ ಆ ಬಣ್ಣ ಕೆರೆದು ಒಗದ್ರು.

ಕಾಲು ಸುತ್ತು ತಿರುಗಿಸಿದ್ರು. ದನಿ ಇಳೀತು. ಮಾಮಾ ನಕ್ರು. ಅಷ್ಟರಾಗ ದನಿ ತಾನ ಏರಿ ಮೊದಲಿನ ಜಾಗಾಕ್ಕ ಬಂದು ಕೂತ್ತು. ಮತ್ತ ಕಾಲು ಸುತ್ತು. ಮತ್ತ ಇಳೀತು, ಮತ್ತ ಏರ್ತು. ಮಾಮಾನ ನಗಿ ಹೋತು. ನಲವತ್ತು ವರ್ಷದಾಗ ಯಾವ ಗಾಡಿನೂ ಅವರಿಗೆ ಎದುರು ಉತ್ತರ ಕೊಟ್ಟಿರ್ಲಿಲ್ಲ.

"ಮಹೇಶಾ, ಒಳಗ ಯಾರೋ ಕೂತು ನಾ ತಿರುಗಿಸಿದ್ದನ್ನ ಉಲ್ಟಾ ತಿರುಗಸ್ಲಿಕ್ಕೆ ಹತ್ಯಾರ" ಅಂದ್ರು.

ಹಂಗೇನಿಲ್ಲ, ಕಂಪ್ಯೂಟರ್ ಅದ ಅಂದೆ. ಯಾರರ ಇರ್ಲಿ, ನನ್ನಕಿಂತ ಹಟಮಾರಿ ಇರ್ಲಿಕ್ಕೆ ಸಾಧ್ಯ ಇಲ್ಲ ಅಂತ ಮಾಮಾ ತೋಳು ಏರಿಸಿದ್ರು. ಇವರು ಇಳಸೂದು, ಅದು ಏರಸೂದು, ಹಿಂಗ ಹತ್ತು ನಿಮಿಷ ನಡೀತು. ಪೂರಾ ಎರಡು ಸುತ್ತು ಆದ ಮ್ಯಾಲೆ ಒಳಗಿದ್ದವರು ಸೋತ್ರು. ಇಂಜಿನ್ ಧಗ್, ಧಗ್, ಧಗ್ ಅಂತ ಎಣಿಸ್ಲಿಕ್ಕೆ ಬರೂಹಂಗ ಬಡೀಲಿಕ್ಕೆ ಹತ್ತು. ಮಾಮಾ ಟಾಕಿ ಮ್ಯಾಲೆ ನಾಣ್ಯ ನಿಂದ್ರಿಸಿದ್ರು, ನಿಂತಿತು. ಈಗ ಈ ಹುಡುಗ ಸಂಸಾರಕ್ಕ ತಯಾರಾದ ಅಂತ ಹೇಳಿ, ಕೀಲಿ ಕಿಸೆದಾಗ ಹಾಕ್ಕೊಂಡು ಮ್ಯಾಲೆ ನಡದ್ರು. ಪೇಪರ್ ಮಡಚೂ ನೆವದಾಗ ಕೀಲಿ ಮತ್ತ ಟೀಪಾಯಿಗೆ ಬಂತು, ಆದ್ರ ಎಲಿ ಅಡಕಿ ತರೂದನ್ನ ಇಬ್ರೂ ಮರ್ತಿದ್ವಿ.

ಹೊಂಡೂ ಮುಂದ ನಮ್ಮಕ್ಕ ಗೋದಾಬಾಯಿಗೆ ಕುಂಕುಮ ಹಚ್ಚಿ, ಹಸಿರು ಗುಳೇದಗುಡ್ಡದ ಕುಬಸದ ಖಣ ಕೊಟ್ಟು ಉಡಿ ತುಂಬಿದ್ಳು. ನಮ್ಮ ಮಂದ್ಯಾಗ ಸಂಬಂಧ ಬ್ಯಾಡ ಅಂತ ಬಾಯಿಬಿಟ್ಟು ಯಾರೂ ಹೇಳೂದಿಲ್ಲ. ಖಣ ಅವರ ಮನ್ಯಾಗ ಉಳೀತಂದ್ರ ಮಾತು ಮುಂದ ಹೋತು, ಖಣ ವಾಪಸ್ ಬಂತಂದ್ರ ಅಲ್ಲಿಗೆ ಮುಗೀತು. ಗೋದಾಬಾಯಿ ಆ ಖಣ ಕಣ್ಣಿಗೊತ್ತಿಕೊಂಡು ಚೀಲದಾಗ ಇಟ್ಕೊಂಡ್ರು. ದೀಪಾಲಿ ಗ್ಯಾಲರಿಗೆ ಬಂದು ನಿಂತ್ಳು.

ಸಂಜು ಗಾಡಿ ಚಾಲೂ ಮಾಡಿದ, ತಾಯಿ ಹಿಂದ ಕೂತ್ರು, ಗಾಡಿ ಗೇಟಿನ ತನಕ ಹೋತು. ಗೇಟಿನ ಮುಂದ ಒಂದು ಸ್ಪೀಡಬ್ರೇಕರ್ ಅದ. ಅಲ್ಲಿ ಹುಡುಗ ಎಕ್ಸಿಲೇಟರ್ ಬಿಟ್ಟ, ಗಾಡಿ ಸತ್ತಿತು. ಮತ್ತ ಚಾಲೂ ಮಾಡಿದ, ಮತ್ತ ಸತ್ತಿತು. ಹಿಂಗ ನಾಕು ಸಲ. ಎಲ್ಲಾ ಗ್ಯಾಲರಿಗಳಿಂದ ಮಂದಿ ಹೊರಗ ಬಂದು ಸಲಹಾ ಕೊಡ್ಲಿಕ್ಕೆ ಹತ್ರು. ನಮ್ಮ ಮಾಮಾನೂ ನಾಚಿಕಿ ಇಲ್ಲದ, ಚೋಕ್ ಎಳದು ನೋಡಪಾ ಅಂದ್ರು. ಇದಕ್ಕ ಚೋಕ್ ಇರೂದಿಲ್ರಿ ಅಂತ ಹುಡುಗ ಮರ್ಯಾದಿಲೆ ಹೇಳ್ದ. ಗೋದಾಬಾಯಿ ಕೆಳಗ ಇಳದು, ಗೇಟ್ ನೋಡಿದ್ರು, ನಮ್ಮನ್ನ ನೋಡಿದ್ರು.

"ಎರಡು ತಿಂಗಳಾತು, ಒಂದಿನಾ ನಿಂತ ಗಾಡಿ ಅಲ್ಲ" ಅಂದ್ರು. "ಇವತ್ತ ಮಾತಾಡಿ ಹೊಂಟಾಗ ನಿಂತದ."

ಅಷ್ಟ ಅಂದು, ಗೇಟಿನ ಹೊರಗ ತನಕಾ ನಡಕೊಂಡ ಹೋದ್ರು. ಅದು ಅಲ್ಲಿಗೆ ನಿಂತಿದ್ರೂ ಛೊಲೋ ಇತ್ತು. ಮಧ್ಯಾಹ್ನ ನಾ ಅಂಗಡಿ ತಗಿಯೂದಕ್ಕ, ಚೌಕದ ಟ್ರಾಫಿಕ್ ಹವಾಲ್ದಾರ ಚಾ ಕುಡೀಲಿಕ್ಕೆ ಬಂದ. ಒಂದು ಕೆಂಪು ಗಾಡಿ ಸಿಗ್ನಲ್ಲಿಗೆ ಬಂದ್ ಬಿದ್ದು, ಕಾತ್ರಜದ ಕಡಿಂದ ಬರೂ ಬಸ್ಸೆಲ್ಲಾ ಸಾಲಿಗೆ ನಿಂತಿದ್ವಂತ. ಇಂವ ಬೈಲಿಕ್ಕೆ ಹೋದ್ರ, ಹಿಂದ ಕೂತ ಬಾಯಿಯವರು, ಸಾಹೇಬ, ತಪ್ಪು ಗಾಡೀದಲ್ಲ ಹುಡುಗಂದಲ್ಲ, ನಾವು ಹೋಗಿಬಂದ ಮನೀದು ಅಂದ್ರಂತ. ಹವಾಲ್ದಾರನೂ ಲಗ್ನಾ ಆದ ಮನುಷ್ಯಾ. ದಂಡದ ಪಾವತಿ ಹರೀದ ಬಿಟ್ಟು ಕಳಿಸ್ದೆ ಅಂದ.

ಬುಧವಾರ ಫೋನ್ ಬಂತು. ಸ್ವಲ್ಪ ತಡೀರಿ, ದೇವರ ಮನಸ್ಸು ಏನದ ನೋಡೋಣು ಅಂತ ಗೋದಾಬಾಯಿ ಹೇಳಿದ್ರು. ನಮ್ಮಕ್ಕ ಈ ಸುದ್ದಿ ಎಲ್ಲಾ ಬಳಗಕ್ಕ ಹಂಚಿದ್ಳು. ಧಾರವಾಡದ ಒಬ್ಬಾಕಿ ಕಾಕು ಗೇಟಿನ ಫೋಟೋ ತರಿಸಿಕೊಂಡು ನೋಡಿ, ಅದರ ದಿಕ್ಕ ಸರಿ ಇಲ್ಲ ಅಂತ ಫೋನಿನ್ಯಾಗ ತೀರ್ಪು ಕೊಟ್ಳು. ಅದು ಹೆಂಗೋ ಸೆಕ್ರೆಟರಿ ಋಷಿಕೇಶನ ಕಿವಿಗೆ ಬಿತ್ತು. ಸೊಸೈಟಿ ಬಗ್ಗೆ ಯಾರು ಏನ ಕೆಟ್ಟದ್ದಂದ್ರೂ ಅಂವ ಸುಮ್ನ ಇರ್ತಾನ, ಆದ್ರ ಗೇಟು ಅವನ ಕಾಲದಾಗ ಆದದ್ದು. "ಗೇಟ್ಲಾ ಕಾಹೀ ದೋಷ ನಾಹೀ" ಅಂತ ನೋಟೀಸ್ ಬೋರ್ಡಿಗೆ ಬರದು ಅಂಟಿಸ್ದ. ಗೇಟಿಗೆ ಏನೂ ದೋಷ ಇಲ್ಲ ಅಂತ. ಆ ನೋಟೀಸ್ ಓದಿದ ಮ್ಯಾಲೆ ಉಳಿದ ನಲವತ್ತು ಮನೀ ಮಂದಿಗೆ ಗೇಟಿನ ಮ್ಯಾಲೆ ಸಂಶಯ ಸುರು ಆತು. ಎರಡನೇ ಮಹಡಿಯವರು ಹಿಂದಿನ ಸಣ್ಣ ಬಾಗಲಲೆ ಓಡಾಡ್ಲಿಕ್ಕೆ ಹತ್ರು.

ದೀಪಾಲಿ ಮುಂಜಾನೆ ಬಸ್ಸಿಗೆ ಹೋಗಾಕಿ, ಸಂಜೀಕೆ ಬರಾಕಿ. ಆದ್ರ ತಾಟಿನ್ಯಾಗ ಅರ್ಧಾ ರೊಟ್ಟಿ ಬಿಟ್ಟು ಏಳ್ತಿದ್ಳು. ಎರಡು ದಿನ ಅದನ್ನ ನೋಡಿ ಮಾಮಾ ನನ್ನ ಅಂಗಡಿಗೆ ಬಂದು ಗಾದಿ ಮ್ಯಾಲೆ ಕೂತ್ರು. ಇರಲಾರದ ಇರುವಿ ಬಿಟ್ಕೊಂಡ್ರಿ ಮಾಮಾ, ಹೋಗಿ ಖರೇ ಹೇಳಿಬಿಡ್ರಿ ಅಂದೆ. ಮಾಮಾ ಶಾಂತ ರೀತಿಲೆ ತಿಳಿಸಿ ಹೇಳಿದ್ರು. ಖರೇ ಹೇಳಿದ್ರ ಸಂಬಂಧನೂ ಹೋಗ್ತದ, ನಲವತ್ತು ವರ್ಷ ಗಳಿಸಿದ ಕಿವಿಯ ಹೆಸರೂ ಹೋಗ್ತದ. ಹೇಳದ ಗುಟ್ಟಲೆ ರಿಪೇರಿ ಮಾಡಿದ್ರ ಎರಡೂ ಉಳೀತಾವ. ಕೇಳ್ಲಿಕ್ಕೆ ಎಷ್ಟು ಸರಳ ಇತ್ತಂದ್ರ, ನನಗೂ ಖರೇ ಅನಸ್ತು.

ಶನಿವಾರ ಮಧ್ಯಾಹ್ನ ಒಂದು ಡಬ್ಬಿ ಕುಂದಾ ತಗೊಂಡು ಹಡಪಸರಕ್ಕ ಹೋದ್ವಿ. ಸಂಜು ಕಂಪನಿ ಬಸ್ಸಿಗೆ ಕುರಕುಂಭಕ್ಕ ಹೋಗಿದ್ದ, ಗಾಡಿ ಅವರ ಬಿಲ್ಡಿಂಗಿನ ಕೆಳಗ ನಿಂತಿತ್ತು. ಮಾಮಾ ಅಂಗಾತ ಮಲಗಿ, ಎರಡು ಸುತ್ತು ಇಳಿಸಿದ್ದನ್ನ ಎರಡು ಸುತ್ತು ಏರಿಸಿದ್ರು. ಅಷ್ಟಕ್ಕ ಬಿಟ್ಟಿದ್ರ ನಡೀತಿತ್ತೋ ಏನೋ. ಆದ್ರ ಮತ್ತ ಎಲ್ಲೆರ ಗಾಡಿ ನಿಂತು ಹುಡುಗಿ ರೊಟ್ಟಿ ಬಿಟ್ಟಾಳು ಅಂತ, ಮಗಳ ಮ್ಯಾಲಿನ ಪ್ರೀತಿಗೆ ಮತ್ತೊಂದು ಸುತ್ತು ಹೆಚ್ಚಿಗಿ ಕೊಟ್ರು. ಕೀಲಿ ಇಲ್ಲ, ಚಾಲೂ ಮಾಡಿ ನೋಡೂಹಂಗಿಲ್ಲ. ಗಣಪತಿ ಮಾಡ್ಲಿಕ್ಕೆ ಹೋಗಿ ಅವರಪ್ಪನ್ನ ಮಾಡಿದಂಗ ಆಗ್ತದ ಅಂತ ನನಗೇನ ಗೊತ್ತಿತ್ತು. ಮ್ಯಾಲೆ ಹೋಗಿ, ಇಲ್ಲೇ ಹಾದು ಹೊಂಟಿದ್ವಿ ಅಂತ ಹೇಳಿ ಗೋದಾಬಾಯಿಗೆ ಕುಂದಾ ಕೊಟ್ವಿ. ಧನಕವಡಿಯಿಂದ ಎಲ್ಲಿಗೆ ಹೋದ್ರೂ ಹಡಪಸರ ಹಾದಿಗೆ ಬರೂದಿಲ್ಲ. ಅವರು ನಮ್ಮನ್ನ ಭಾಳ ಹೊತ್ತು ನೋಡಿದ್ರು.

ಮರುದಿನ ಆಯಿತವಾರ ಹನ್ನೊಂದರ ಸುಮಾರು. ನಾನೂ ಮಾಮಾನೂ ಅವರ ಗ್ಯಾಲರಿಯೊಳಗ ಚಾ ಕುಡೀತಿದ್ವಿ. ದೂರದ ನಾಕಾದಾಗ ಒಂದು ಇಂಜಿನ್ ಒದರೂ ಸಪ್ಪಳ ಕೇಳಿಸ್ತು. ಸಪ್ಪಳ ಹತ್ರ ಬಂತು. ಮಾಮಾ ಕಪ್ಪು ಕೆಳಗ ಇಟ್ರು, ಅವರ ಕಿವಿಗೆ ಗುರುತು ಸಿಕ್ಕಿತ್ತು. ಕೆಂಪು ಗಾಡಿ ಗೇಟಿನ್ಯಾಗ ಬಂತು. ಹ್ಯಾಂಡಲಿಗೆ ನಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿದ್ರು. ಎಕ್ಸಿಲೇಟರ್ ಮುಟ್ಟದಿದ್ರೂ ಗಾಡಿ ಮುಂದ ಮುಂದ ನುಗ್ತಿತ್ತು, ಸಂಜು ಬ್ರೇಕ್ ಹಿಡದು ಹಿಡದು ಬಿಡ್ತಿದ್ದ. ಹಿಂದ ಗೋದಾಬಾಯಿ, ಮಡಿಲಾಗ ಚೀಲ. ಆ ಚೀಲದಾಗ ಖಣ ಅದ ಅನ್ನೂದು ಕೆಳಗ ಇಳದು ಹೋಗಿದ್ದ ನಮ್ಮಕ್ಕಗೂ ತಿಳೀತು, ಆಕಿ ಹಿಂದ ನಿಂತಿದ್ದ ದೀಪಾಲಿಗೂ ತಿಳೀತು.

ನಾವಿಬ್ರೂ ಕೆಳಗ ಇಳಿಯೂದರಾಗ ಋಷಿಕೇಶ ಮೊದಲ ಓಡಿ ಬಂದು, ಆಯಿತವಾರ ಹಿಂಗ ಸಪ್ಪಳ ಮಾಡೂದು ಸೊಸೈಟಿ ನಿಯಮಕ್ಕ ವಿರುದ್ಧ ಅಂತ ಮರಾಠಿಯೊಳಗ ಸುರು ಮಾಡ್ದ. ಗೋದಾಬಾಯಿ ಅವನಿಗೂ ಮರಾಠಿಯೊಳಗ, ನೀವು ನಿಮ್ಮ ಗೇಟ್ ನೋಡ್ಕೋರಿ ಅಂದ್ರು. ಅಂವ ಗೇಟಿನ ಕಡೆ ಮಾರಿ ತಿರುಗಿಸಿ ನಿಂತ. ಸಂಜು ಇಂಜಿನ್ ಬಂದ್ ಮಾಡ್ದ. ಆ ಶಾಂತದಾಗ ಗೋದಾಬಾಯಿ ಚೀಲದಿಂದ ಖಣ ತಗದು ನಮ್ಮಕ್ಕನ ಮುಂದ ಹಿಡಿದ್ರು. ನಮ್ಮಕ್ಕ ಕೈ ಮುಂದ ಮಾಡ್ಲಿಲ್ಲ. ಅವರು ಖಣ ಗಾಡಿಯ ಸೀಟಿನ ಮ್ಯಾಲೆ ಇಟ್ರು.

"ಭೀಮವ್ವನವರ, ಮೊದಲ ಗಾಡಿ ನಿಂತಿತು, ಈಗ ನಿಲ್ಲವಲ್ದು. ಇಂಜಿನ್ ಮ್ಯಾಲೆ ಯಾರೋ ಅರಿಷಿಣ ಉದುರಿಸ್ಯಾರ. ಯಾರ ಮನೀದು ಅಂತ ನಾ ಕೇಳೂದಿಲ್ಲ" ಅಂದ್ರು.

ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಮಾಮಾ ತಮ್ಮ ಬಲಗೈ ಪಂಚೆಗೆ ಒರಸಿಕೊಂಡ್ರು. ನಮ್ಮಕ್ಕನ ಕಣ್ಣಾಗ ನೀರು ಬಂತು. ನಮ್ಮ ಮನಿತನಕ್ಕ ಮಾಟದ ಹೆಸರು ಬಂತಲ್ಲ ಅಂತ ಸೆರಗಿಲೆ ಒರಸಿಕೊಂಡ್ಳು. ಆಗ ದೀಪಾಲಿ ಮುಂದ ಬಂದು, ಗಾಡಿ ಮಗ್ಗಲಕ್ಕ ಮೊಳಕಾಲೂರಿ ಕೂತು, ಟಾರ್ಚ್ ಬೇಕು ಅಂದ್ಳು. ನಾ ಹಿಡಿದೆ, ರೂಢಿ ಇತ್ತಲ್ಲ. ಆಕಿ ಹಳದಿ ಚೂರು ಒಂದನ್ನ ಉಗುರಿಲೆ ತಗದು ತಿಕ್ಕಿ ನೋಡಿದ್ಳು. ಇದು ಅರಿಷಿಣ ಅಲ್ರಿ, ಈ ಸ್ಕ್ರೂ ಯಾರೂ ಮುಟ್ಟಬಾರದು ಅಂತ ಕಂಪನಿಯವರು ಹಚ್ಚೂ ಬಣ್ಣ, ಯಾರೋ ಕೆರೆದಾರ ಅಂದ್ಳು.

ಮಾಟ ಅಲ್ಲ ಅಂತ ಆತು. ಆದ್ರ ಕೆರೆದವರು ಯಾರು? ಗಾಡಿ ಸರ್ವಿಸಿಗೆ ಇನ್ನೂ ಕೊಟ್ಟ ಇಲ್ಲ ಅಂತ ಸಂಜು ಹೇಳ್ದ. ಋಷಿಕೇಶ ಗೇಟಿನ ಮಾನ ಉಳಿಸ್ಲಿಕ್ಕೆ ದಾರಿ ಸಿಕ್ತಂತ, ಇದು ನಮ್ಮ ವಾಚಮನ್ ಓಂಕಾರನ ಕೆಲಸ, ಇವತ್ತ ಅವನ್ನ ತಗದುಹಾಕ್ತೀನಿ ಅಂದ. ಮಾಮಾಗ ಇದು ತಯಾರ ಹಾದಿ. ಸುಮ್ನ ನಿಂತಿದ್ರ ಸಾಕಿತ್ತು, ಸಂಬಂಧನೂ ಉಳೀತಿತ್ತು, ಕಿವಿನೂ ಉಳೀತಿತ್ತು, ಹೋಗಾಂವ ಓಂಕಾರ ಒಬ್ಬನ. ದೀಪಾಲಿ ಅವರ ಕಡೆ ನೋಡ್ಲಿಲ್ಲ. ನೆಲ ನೋಡ್ಕೋತ ಕೂತಿದ್ಳು. ಆಕೀಗೆ ತಿಳದದ ಅನ್ನೂದು ನನಗ ತಿಳೀತು, ಮಾಮಾಗೂ ತಿಳೀತು.

ಮಾಮಾ ಅಂಗಿ ಕಿಸೆದಿಂದ ಆ ಕಟ್ಟಿಗಿ ಹಿಡಿಯ ಸ್ಕ್ರೂಡ್ರೈವರ್ ತಗದ್ರು. ಅದರ ತುದಿಗೆ ಇನ್ನೂ ಹಳದಿ ಬಣ್ಣ ಇತ್ತು. ಅದನ್ನ ಹಸಿರು ಖಣದ ಮ್ಯಾಲೆ ಇಟ್ರು.

"ಗೋದಾಬಾಯಿಯವರ, ನಿಮ್ಮ ಗಾಡಿಗೆ ಬಡದದ್ದು ದೆವ್ವ ಅಲ್ಲ, ನಾನು" ಅಂದ್ರು. "ಎರಡೂ ಸಲ ನಾನ."

ಗೋದಾಬಾಯಿ ಸ್ಕ್ರೂಡ್ರೈವರ್ ನೋಡಿದ್ರು, ಮಾಮಾನ್ನ ನೋಡಿದ್ರು. ಯಾಕ ಅಂತ ಕೇಳಿದ್ರು.

"ಸ್ಲೋ ಜಾಸ್ತಿ ಇತ್ರಿ" ಅಂದ್ರು ಮಾಮಾ. "ಹುಡುಗಗ ಅದೊಂದ ಐಬು ಇತ್ತು. ನಮ್ಮ ಹುಡುಗೀಗೆ ಕೊಡೂದು ಅಂದ್ಮ್ಯಾಲೆ ಅದೂ ಇರಬಾರದು ಅಂತ."

ಸಂಜು ಮಾರಿ ಆಕಡೆ ತಿರುಗಿಸ್ದ, ನಗೂ ತಡಕೊಳ್ಳಿಕ್ಕೆ ಇದ್ದೀತು. ನಮ್ಮಕ್ಕ ಮಾತ್ರ ಲಗ್ನಾದಾಗಿಂದ ಇಲ್ಲೀ ತನಕ ತಾನು ಏನೇನ ತಡಕೊಂಡೇನಿ ಅನ್ನೂದನ್ನ ಸಣ್ಣ ದನಿಲೆ ಹೇಳ್ಲಿಕ್ಕೆ ಸುರು ಮಾಡಿದ್ಳು. ಅಷ್ಟರಾಗ ದೀಪಾಲಿ ಖಣದ ಮ್ಯಾಲಿನ ಸ್ಕ್ರೂಡ್ರೈವರ್ ತಗೊಂಡ್ಳು. ಟಾಕಿಗೆ ಕಿವಿ ಹಚ್ಚಲಿಲ್ಲ, ಕಣ್ಣು ಮುಚ್ಚಲಿಲ್ಲ. ಸ್ಕ್ರೂ ಮ್ಯಾಲೂ ಅದರ ಮಗ್ಗಲಕ್ಕೂ ಉಳಿದ ಬಣ್ಣದ ಗೆರಿ ಒಂದಕ್ಕೊಂದು ಕೂಡೂ ತನಕ ತಿರುಗಿಸಿ, ಬ್ಯಾಟರಿ ತಂತಿ ಬಿಚ್ಚಿ, ಐದು ನಿಮಿಷ ಬಿಟ್ಟು ಮತ್ತ ಹಚ್ಚಿ, ಗಾಡಿ ಚಾಲೂ ಮಾಡಿದ್ಳು. ಹಿಂದ ಸರದು ನಿಂತ್ಳು.

"ಹದಿನೈದು ನಿಮಿಷ ಯಾರೂ ಮುಟ್ಟಬ್ಯಾಡ್ರಿ. ಒಳಗಿನ ಕಂಪ್ಯೂಟರ್ ಮತ್ತ ತಾನ ಕಲೀತದ" ಅಂದ್ಳು.

ಎಲ್ಲಾರೂ ಮಾಮಾನ ಕೈ ನೋಡಿದ್ರು. ನಮ್ಮಕ್ಕ ಮ್ಯಾಲೆ ಹೋಗಿ, ಶಿರಾದ ಬಟ್ಟಲ ತುಂಬಿದ ದೊಡ್ಡ ತಾಟು ತಂದು ಗಂಡನ ಎರಡೂ ಕೈಯಾಗ ಕೊಟ್ಳು. ಕೆಳಗ ಇಡಬ್ಯಾಡ್ರಿ ಅಂದ್ಳು. ಗಾಡಿ ಒಮ್ಮೆ ದನಿ ಏರಸ್ತಿತ್ತು, ಒಮ್ಮೆ ಇಳಸ್ತಿತ್ತು. ಇನ್ನೇನ ಸತ್ತಿತು ಅನ್ನೂವಾಗ ತಾನ ಎದ್ದು ನಿಲ್ತಿತ್ತು. ಒಂದೊಂದ ಸಲ ಅದು ಕುಸಿದಾಗೂ ಮಾಮಾನ ಕೈ ಮುಂದ ಹೋಗ್ತಿತ್ತು, ತಾಟು ವಾಲ್ತಿತ್ತು, ಮತ್ತ ಹಿಂದ ಬರ್ತಿತ್ತು. ಅಷ್ಟು ಮಂದಿ ಆಯಿತವಾರ ಒಂದು ನಿಂತ ಗಾಡಿ ಸುತ್ತ ಸುಮ್ನ ನಿಂತದ್ದನ್ನ ಆ ಸೊಸೈಟಿ ಹಿಂದ ನೋಡಿರ್ಲಿಲ್ಲ. ಹಿಂದಿನ ಬಾಗಲಿನ ಎರಡನೇ ಮಹಡಿಯವರೂ ಬಂದು ನಿಂತ್ರು.

ಹನ್ನೆರಡನೇ ನಿಮಿಷಕ್ಕ ಇಂಜಿನ್ ಒಂದು ದನಿಗೆ ಬಂದು ಕೂತ್ತು. ಸ್ವಚ್ಛ, ಒಂದ ಸಮ. ಗೋದಾಬಾಯಿ ಮೊದಲ ಬಾಯಿ ಬಿಟ್ರು. ನಿಮ್ಮಪ್ಪ ನೀ ಟೈಪ್ ಮಾಡ್ತೀ ಅಂದಿದ್ರು, ಇದನ್ನೆಲ್ಲಿ ಕಲ್ತಿ ಅಂತ ಕೇಳಿದ್ರು.

"ಟೈಪೂ ಮಾಡ್ತೀನ್ರಿ" ಅಂದ್ಳು ದೀಪಾಲಿ. "ಗಾಡಿ ನಿಂತಾಗ ಇಂಜಿನ್ ಎಷ್ಟು ತಿರುಗಬೇಕು ಅಂತ ಒಳಗಿನ ಕಂಪ್ಯೂಟರಿಗೆ ಹೇಳಿಕೊಡೂದು ನನ್ನ ಕೆಲಸ. ಅಪ್ಪ ಒಂದೊಂದ ಗಾಡಿ ಸ್ಲೋ ಸೆಟ್ ಮಾಡ್ತಾರ, ನಾ ಕಾರಖಾನಿಯಿಂದ ಹೊರಗ ಬರೂವಷ್ಟೂ ಮಾಡ್ತೀನಿ."

ಮಾಮಾ ಮಗಳನ್ನ ನೋಡಿದ್ರು, ಗಾಡಿ ನೋಡಿದ್ರು.

"ಈ ಗಾಡೀದೂ?"

"ಈ ಗಾಡೀದೂ ನಾನ ಇಟ್ಟದ್ದು, ಅಪ್ಪಾ."

ಕಂಪನಿಯೊಳಗ ಕೂತು ಸ್ಲೋ ಇಡೂವ್ರಿಗೆ ಕಿವಿ ಇಲ್ಲ ಅಂತ ಅವರು ಅಂದಿದ್ದು ನನಗ ನೆನಪಾತು. ಅವರಿಗೂ ನೆನಪಾಗಿತ್ತು, ನನ್ನ ಕಡೆ ಒಮ್ಮೆ ಕಳ್ಳನೋಟ ಬೀರಿದ್ರು.

"ಮಹೇಶಾ, ಅವತ್ತ ಒಳಗ ಕೂತು ಉಲ್ಟಾ ತಿರುಗಿಸಿದವರು ಯಾರಂತ ತಿಳೀತಲ್ಲ" ಅಂದ್ರು. "ನನ್ನಕಿಂತ ಹಟಮಾರಿ ಮತ್ತ ಯಾರಿರ್ಲಿಕ್ಕೆ ಸಾಧ್ಯ."

ಹಿಂಗಂದು ನಕ್ಕರು, ನಗ್ತಾ ಕಣ್ಣು ಒರಸಿಕೊಳ್ಳಿಕ್ಕೆ ಹೋದ್ರು, ಕೈಯಾಗ ತಾಟು ಇತ್ತು. ದೀಪಾಲಿ ಬಂದು ತನ್ನ ದುಪಟ್ಟಾದಿಂದ ಒರಸಿದ್ಳು. ಗೋದಾಬಾಯಿ ತಾಟಿನಿಂದ ಒಂದು ಬಟ್ಟಲ ಶಿರಾ ತಗೊಂಡು ನಿಧಾನಕ್ಕ ಪೂರಾ ತಿಂದ್ರು. ಆಮ್ಯಾಲೆ ಸೀಟಿನ ಮ್ಯಾಲಿನ ಖಣ ತಗದು ಝಾಡಿಸಿ, ಕಣ್ಣಿಗೊತ್ತಿಕೊಂಡು ಚೀಲದಾಗ ಇಟ್ಕೊಂಡ್ರು. ನಮ್ಮಕ್ಕ ಮಾಮಾನ ಕೈಯಿಂದ ತಾಟು ಇಳಿಸ್ಕೊಂಡ್ಳು. ಗೋದಾಬಾಯಿ ದೀಪಾಲಿ ಮುಂದ ಕೈ ಚಾಚಿ ಸ್ಕ್ರೂಡ್ರೈವರೂ ಇಸಕೊಂಡ್ರು.

"ಲಗ್ನಾ ಮುಗಿಯೂ ತನಕಾ ಇದೂ ನನ್ನ ಕಡೇನ ಇರ್ಲಿ" ಅಂತ ಅದನ್ನ ಖಣದಾಗ ಸುತ್ತಿ ಚೀಲದ ಬಾಯಿ ಕಟ್ಟಿದ್ರು.

ಗಾಡಿ ಗೇಟಿನ ಸ್ಪೀಡಬ್ರೇಕರ್ ಹತ್ತಿ ಇಳೀತು, ನಿಲ್ಲಲಿಲ್ಲ. ಋಷಿಕೇಶ ಅದನ್ನ ಮೊಬೈಲಿನ್ಯಾಗ ತಗದು ಸೊಸೈಟಿ ಗ್ರೂಪಿಗೆ ಹಾಕ್ದ.

ಮುಂದಿನ ಆಯಿತವಾರ ಅಂವ ತನ್ನ ಅಪ್ಪನ ಸ್ಕೂಟರ್ ತಳ್ಳಿಕೊಂಡು ಬಂದ. ಸ್ಲೋ ಸ್ವಲ್ಪ ಏರುಪೇರು ಆಗೇದ, ಕಾಕಾ, ನೋಡ್ರಿ ಅಂದ. ಮಾಮಾ ಖುರ್ಚಿ ಮ್ಯಾಲೆ ಕಾಲ ಮ್ಯಾಲೆ ಕಾಲು ಹಾಕ್ಕೊಂಡು ಕೂತಿದ್ರು. ಕಿವಿ ಆ ಕಡೆ ತಿರುಗಿತು, ಕೈ ಮೊಳಕಾಲ ಬಿಟ್ಟು ಒಂದು ಗೇಣು ಮುಂದ ಹೋತು. ಆಮ್ಯಾಲೆ ವಾಪಸ್ ಬಂತು. ಎಲ್ಲಾ ಗ್ಯಾಲರಿಗಳಿಗೂ ಕೇಳೂಹಂಗ ಮಾಮಾ ಹೇಳಿದ್ರು.

"ನನ್ನ ಹತ್ಯಾರ ಬೀಗರ ಮನ್ಯಾಗ ಅದಪಾ. ತಡಿ, ನಮ್ಮ ಮನಿ ದೊಡ್ಡ ಮೇಸ್ತ್ರಿ ಮಲಗ್ಯಾಳ, ಎದ್ದ ಮ್ಯಾಲೆ ಕೇಳೋಣು."